ಜಾಗ ಫ್ರೀ, ವಿಳಾಸ ಯಾರದ್ದು?

'ನಿಮ್ಮ ಸ್ಟೋರೇಜ್ ತುಂಬಿದೆ, ಹೆಚ್ಚಿನ ಜಾಗ ಖರೀದಿಸಿ.' ಇಂಥದ್ದೊಂದು ಮೆಸೇಜ್ ನಿಮ್ಮಲ್ಲಿ ಬಹಳಷ್ಟು ಜನರ ಮೊಬೈಲ್‌ಗೆ ಬಂದಿರುತ್ತೆ. ನನಗೂ ಬಂದಿದೆ. ಆದ್ರೆ ಒಂದು ಕಾಲ ಇತ್ತು ವೀಕ್ಷಕರೇ, ಇದೇ ಜಾಗವನ್ನು ಪುಕ್ಕಟೆಯಾಗಿ ಕೊಡೋದಕ್ಕೆ ಕಂಪನಿಗಳು ನಾ ಮುಂದು ತಾ ಮುಂದು ಅಂತ ಮುಗಿಬಿದ್ದಿದ್ದವು. ಆ ಪೈಪೋಟಿ ಎಲ್ಲಿ ಹೋಯ್ತು?

ನಮ್ಮ ಬೆಂಗಳೂರಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ, ಗೆಳೆಯ ಜಾಕ್ ಸ್ಮಿತ್ ಜೊತೆ ಸೇರಿ ಅಮೆರಿಕದಲ್ಲಿ ಹಾಟ್‌ಮೇಲ್ ಶುರು ಮಾಡಿದ್ದು 1996ರ ಜುಲೈ 4ರಂದು. ಯಾವ ಕಂಪ್ಯೂಟರ್ ಮುಂದೆ ಕೂತರೂ ನಿಮ್ಮ ಮೇಲ್ ನೋಡಬಹುದು, ಒಂದು ಪೈಸೆ ಕೊಡಬೇಕಿಲ್ಲ. ಮರುವರ್ಷವೇ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು.

ಫ್ರೀ ಏನೋ ಹೌದು. ಜಾಗ ಎಷ್ಟು? 2004ರ ಆರಂಭದಲ್ಲೂ ಹಾಟ್‌ಮೇಲ್‌ನಲ್ಲಿ 2 ಎಂಬಿ, ಯಾಹೂನಲ್ಲಿ 4 ಎಂಬಿ. ಇವತ್ತು ನಿಮ್ಮ ಫೋನ್ ತೆಗೆಯೋ ಒಂದು ಫೋಟೋಗೇ ಅದು ಸಾಲದೆ ಹೋಗಬಹುದು. ಹೊಸ ಪತ್ರ ಬರಬೇಕು ಅಂದ್ರೆ ಹಳೇದನ್ನು ಅಳಿಸಬೇಕು. ಜಾಸ್ತಿ ಬೇಕಾ? ದುಡ್ಡು ಕಟ್ಟಿ!

2004ರ ಏಪ್ರಿಲ್ 1ರಂದು ಗೂಗಲ್ ಒಂದು ಘೋಷಣೆ ಮಾಡಿತು. ಜೀಮೇಲ್, 1 ಜಿಬಿ ಉಚಿತ. ಹಾಟ್‌ಮೇಲ್‌ನ 500 ಪಟ್ಟು! ಏಪ್ರಿಲ್ ಫೂಲ್ ಮಾಡ್ತಿದ್ದಾರೆ ಅಂದುಕೊಂಡವರೇ ಹೆಚ್ಚು. ಜೊತೆಗೆ ಹಳೇ ಪತ್ರವನ್ನು ಕ್ಷಣದಲ್ಲಿ ಹುಡುಕಿಕೊಡುವ ಸರ್ಚ್ ಬೇರೆ. ಇದಕ್ಕೆ ಬೆಲೆಯೂ ಇತ್ತು. ಪತ್ರದಲ್ಲಿರುವ ಪದಗಳನ್ನು ಯಂತ್ರ ಓದಿ, ಅದಕ್ಕೆ ತಕ್ಕ ಜಾಹೀರಾತು ಹಾಕುತ್ತಿತ್ತು. ಖಾಸಗಿತನದ ಪರ ಇದ್ದ ಸಂಘಟನೆಗಳು ಆಗಲೇ ದನಿ ಎತ್ತಿದವು. ಅದನ್ನು ನಿಲ್ಲಿಸ್ತೀವಿ ಅಂತ ಗೂಗಲ್ ಹೇಳಿದ್ದು 2017ರಲ್ಲಿ.

ಆದ್ರೆ ಏಟು ಬಿದ್ದಿದ್ದು ಎದುರಾಳಿಗಳಿಗೆ. ಎರಡು ಮೂರು ತಿಂಗಳೊಳಗೆ ಯಾಹೂ 100 ಎಂಬಿ ಕೊಟ್ಟಿತು, ಹಾಟ್‌ಮೇಲ್ 250 ಎಂಬಿ ಘೋಷಿಸಿತು. ವರ್ಷ ತುಂಬಿದ ದಿನ ಜೀಮೇಲ್ 2 ಜಿಬಿ ಅಂದಿತು. 2007ರಲ್ಲಿ ಯಾಹೂ, ಮಿತಿಯೇ ಇಲ್ಲ ಅಂದುಬಿಟ್ಟಿತು. ದುಡ್ಡಿಗೆ ಮಾರುತ್ತಿದ್ದ ಜಾಗ ಮೂರೇ ವರ್ಷದಲ್ಲಿ ಪುಕ್ಕಟೆ. ಲಾಭ ಯಾರಿಗೆ? ನಮಗೆ, ನಿಮಗೆ.

ಈಗ ಮುಂದಿನ ಕಥೆ ನೋಡಿ. 2013ರಲ್ಲಿ ಜೀಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿಸಿ ಗೂಗಲ್ 15 ಜಿಬಿ ಕೊಟ್ಟಿತು. ಆಮೇಲೆ ಹತ್ತು ವರ್ಷ ಕಳೆದರೂ ಅದು ಒಂದು ಜಿಬಿ ಮೇಲೇರಲಿಲ್ಲ. ಸಾಲದ್ದಕ್ಕೆ, 2021ರ ಜೂನ್ 1ರಿಂದ ಹೊಸದಾಗಿ ಹಾಕುವ ಫೋಟೋಗಳೆಲ್ಲ ಆ ಲೆಕ್ಕದೊಳಗೆ ಬಂದವು. ಅದೇ 2013ರಲ್ಲಿ ಯಾಹೂ ಕೊಟ್ಟಿದ್ದೆಷ್ಟು ಗೊತ್ತಾ? 1 ಟಿಬಿ. ಅಂದ್ರೆ ಹತ್ತಿರ ಹತ್ತಿರ ಸಾವಿರ ಜಿಬಿ. ಆದ್ರೂ ಜೀಮೇಲ್ ಬಿಟ್ಟು ಜನ ಅತ್ತ ಓಡಲಿಲ್ಲ.

ಯಾಕೆ? ಅಷ್ಟೊತ್ತಿಗೆ ನಮ್ಮ ಬ್ಯಾಂಕು, ಪ್ಯಾನ್, ಪಾಸ್‌ಪೋರ್ಟ್, ಮಕ್ಕಳ ಶಾಲೆ ಎಲ್ಲ ಕಡೆ ಅದೇ ವಿಳಾಸ ಕೊಟ್ಟಾಗಿತ್ತು. ಮೊಬೈಲ್ ನೋಡಿ, 2011ರಿಂದ ದೇಶಾದ್ಯಂತ ಅದೇ ನಂಬರ್ ಇಟ್ಟುಕೊಂಡೇ ಕಂಪನಿ ಬದಲಾಯಿಸಬಹುದು. ಸರ್ವೀಸ್ ಸರಿ ಇಲ್ವಾ, ಪೋರ್ಟ್ ಆಗ್ತೀನಿ ಅಂತ ಗದರಿಸಬಹುದು. ಇಮೇಲ್‌ನಲ್ಲಿ ಆ ಧೈರ್ಯ ನಮಗಿಲ್ಲ. ವಿಳಾಸದ ಕೊನೆಗೆ ಇರೋದು ಕಂಪನಿಯ ಹೆಸರು. ಬಾಡಿಗೆ ಮನೆ ಬಿಟ್ಟರೆ ಡೋರ್ ನಂಬರ್ ಹೊತ್ತುಕೊಂಡು ಹೋಗಕ್ಕಾಗುತ್ತಾ? ಗಿರಾಕಿ ಎದ್ದು ಹೋಗಲ್ಲ ಅಂತ ಗೊತ್ತಾದ ಮೇಲೆ ಅಂಗಡಿಯವನು ಯಾಕೆ ಪೈಪೋಟಿ ಮಾಡ್ತಾನೆ?

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ದೊಡ್ಡ ಅಟ್ಯಾಚ್‌ಮೆಂಟ್ ಇರುವ ಹಳೇ ಮೇಲ್‌ಗಳನ್ನು ಹುಡುಕಿ ಅಳಿಸಿ, ಎಷ್ಟೋ ಜಾಗ ಸಿಗುತ್ತೆ. ಮುಖ್ಯ ಕಾಗದ, ಫೋಟೋಗಳ ಪ್ರತಿಯನ್ನು ನಿಮ್ಮದೇ ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು, ಹಾಗಾಗಿ ಹಳೇ ಖಾತೆಗೆ ಆಗಾಗ ಲಾಗಿನ್ ಆಗಿ. ವ್ಯಾಪಾರ ಮಾಡುವವರಾದ್ರೆ ಸ್ವಂತ ಹೆಸರಿನ ಡೊಮೈನ್ ತಗೊಳ್ಳಿ. ವರ್ಷಕ್ಕಿಷ್ಟು ಅಂತ ಖರ್ಚಾಗುತ್ತೆ ನಿಜ, ಆದ್ರೆ ಕಂಪನಿ ಬದಲಾದರೂ ನಿಮ್ಮ ವಿಳಾಸ ನಿಮ್ಮ ಹತ್ರಾನೇ ಇರುತ್ತೆ.