ತೋಟದ ಜಿಪ್ಸಿಗೆ ದೊಡ್ಡ ಟೈರು ಹಾಕುವ ಮೊದಲು

ಮುಂಗಾರಿಗೆ ಮುನ್ನ ಟೈರು ಬದಲಾಯಿಸುವ ಕಾಲ ಬಂದಾಗಲೆಲ್ಲ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: ಜಿಪ್ಸಿಗೆ ಇನ್ನೂ ದೊಡ್ಡ ಟೈರು ಕೂರುತ್ತದೆಯೇ, ಅದಕ್ಕಾಗಿ ಗಾಡಿಯನ್ನು ಎಷ್ಟು ಎತ್ತರಿಸಬೇಕು? 1985ರ ಕೊನೆಯಲ್ಲಿ ಬಂದ ಈ ಗಾಡಿಯ ಸಾರ್ವಜನಿಕ ಮಾರಾಟ ನಿಂತು ವರ್ಷಗಳಾದರೂ ನಮ್ಮ ತೋಟಗಳಲ್ಲಿ ಅದು ಇನ್ನೂ ಗೊಬ್ಬರ, ಕಾಫಿ ಹಣ್ಣು, ಅಡಿಕೆ ಗೊನೆ ಹೊರುತ್ತಲೇ ಇದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ ಸಂಗತಿ ಇದು. ಸ್ಪ್ರಿಂಗ್ ಎತ್ತರಿಸಿದರೆ ಏರುವುದು ಬಾಡಿ ಮಾತ್ರ. ಗಾಲಿ ಜಾಡಿನ ನಡುವಿನ ದಿಬ್ಬಕ್ಕೆ ತಗಲುವ ಆಕ್ಸಲ್ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲಕ್ಕೆತ್ತುವುದು ಟೈರೊಂದೇ, ಅದೂ ಟೈರಿನ ಎತ್ತರ ಹೆಚ್ಚಿದ್ದರಲ್ಲಿ ಅರ್ಧದಷ್ಟು. ಜಿಪ್ಸಿ ಕಿಂಗ್‌ನ 205/70 ಆರ್ 15 ಟೈರಿನ ಎತ್ತರ ಲೆಕ್ಕದಲ್ಲಿ 668 ಮಿ.ಮೀ. 215/75 ಹಾಕಿದರೆ 703 ಆಗುತ್ತದೆ, ಹೌಸಿಂಗ್ ಸುಮಾರು 18 ಮಿ.ಮೀ. ಏರುತ್ತದೆ. 235/75ರ ಎತ್ತರ 733, ಏರಿಕೆ 33 ಮಿ.ಮೀ. ಹಳೆಯ ಮಾದರಿಯವರು ತಮ್ಮ ಟೈರಿನ ಪಕ್ಕದಲ್ಲಿರುವ ಸಂಖ್ಯೆ ನೋಡಿಕೊಂಡು ಲೆಕ್ಕ ಹಾಕಬೇಕು. 2023ರ ಜೂನ್‌ನಲ್ಲಿ ಮಾರಾಟಕ್ಕೆ ಬಂದ ಜಿಮ್ನಿಗೆ ಕಂಪನಿಯೇ 195/80 ಕೊಟ್ಟಿದೆ. ಅದು ಆಗಲೇ 693 ಮಿ.ಮೀ. ಇರುವುದರಿಂದ 215/75ರಿಂದ ಆ ಗಾಡಿಗೆ ಎತ್ತರದ ಲಾಭ ಹೆಚ್ಚೇನಿಲ್ಲ.

33 ಮಿ.ಮೀ. ಎಂದೊಡನೆ 235ರ ಮೇಲೆ ಆಸೆ ಹುಟ್ಟುವುದು ಸಹಜ. ಆದರೆ ಆ ಟೈರಿಗೆ ಕನಿಷ್ಠ 6 ಇಂಚು ಅಗಲದ ರಿಮ್ ಬೇಕು, ಮೂಲ ರಿಮ್ ಇರುವುದು ಐದೂವರೆ ಇಂಚು. ರಿಮ್ ಬದಲಿಸುವಾಗ ಟೈರು ಹೊರಕ್ಕೆ ಸರಿಯುವಂಥದ್ದನ್ನು ಕೊಂಡರೆ ಮಡ್‌ಗಾರ್ಡಿಗೆ ಉಜ್ಜುವುದು ಹೆಚ್ಚುತ್ತದೆ, ವೀಲ್ ಬೇರಿಂಗ್ ಬೇಗ ಸವೆಯುತ್ತದೆ. ಖರ್ಚೂ ದುಪ್ಪಟ್ಟಿನತ್ತ ಹೋಗುತ್ತದೆ. ಸಣ್ಣ ಹಿಡುವಳಿದಾರರಿಗೆ ನನ್ನ ಸಲಹೆ 215/75, ಅದೂ ಆಳವಾದ ಕೆಸರು ಗುಂಡಿಗಳಿರುವ ಟೈರು. ಕಕ್ಕಡ ತಿಂಗಳ ಜಾರು ಮಣ್ಣಿನಲ್ಲಿ ಗಾಡಿಯನ್ನು ಹತ್ತಿಸುವುದು ಟೈರಿನ ಗುಂಡಿಯೇ ಹೊರತು ಅಗಲವಲ್ಲ. ಮಾಂದಲ್ಪಟ್ಟಿಗೆ ಪ್ರವಾಸಿಗರನ್ನು ಹೊರುವ ಜೀಪುಗಳ ಟೈರು ನೋಡಿ ಅಳತೆ ನಿಶ್ಚಯಿಸುವುದು ಬೇಡ, ಅವುಗಳ ಕೆಲಸವೇ ಬೇರೆ.

ಕೊಳ್ಳುವ ಮೊದಲು ಒಂದು ಟೈರನ್ನು ಕೇಳಿ ತಂದು ಪರೀಕ್ಷಿಸಿ ನೋಡಿ. ಅಂಗಡಿಯ ಸಿಮೆಂಟು ನೆಲದಲ್ಲಿ ಉಜ್ಜದ ಟೈರು ತೋಟದಲ್ಲಿ ಉಜ್ಜುತ್ತದೆ, ಏಕೆಂದರೆ ಅಲ್ಲಿ ಹೊರೆಯೂ ಇಲ್ಲ, ಹಳ್ಳವೂ ಇಲ್ಲ. ಹಿಂದೆ 50 ಕಿಲೋದ ಐದಾರು ಗೊಬ್ಬರದ ಮೂಟೆ ಹಾಕಿ, ಆ ಟೈರು ಹಾಕಿದ ಮುಂಗಾಲಿಯನ್ನು ಗಟ್ಟಿ ದಿಮ್ಮಿಯ ಮೇಲೆ ಹತ್ತಿಸಿ. ಬಂಪರಿನ ಮೂಲೆ, ಮಡ್‌ಗಾರ್ಡಿನ ಹಿಂಬದಿ, ಸ್ಪ್ರಿಂಗಿನ ಪಕ್ಕ ಈ ಮೂರೂ ಕಡೆ ಒದ್ದೆ ಸುಣ್ಣ ಬಳಿದು, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಗಾಡಿಯನ್ನು ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಟೈರಿಗೆ ಸುಣ್ಣ ಹತ್ತಿದ ಜಾಗವೇ ಉಜ್ಜುವ ಜಾಗ. ಇನ್ನೊಂದು ಬದಿಗೂ, ಹಿಂಗಾಲಿಗೂ ಹೀಗೆಯೇ ಮಾಡಬೇಕು. ತಗಡಿನ ಅಂಚು ಅಲ್ಪಸ್ವಲ್ಪ ಮಡಿಸಿದರೆ ಸರಿಹೋಗುವುದಾದರೆ ಎತ್ತರಿಸುವ ಗೋಜೇ ಬೇಡ.

ಎತ್ತರಿಸಲೇಬೇಕಾದರೆ ಒಂದು ಇಂಚು ಸಾಕು. ಗ್ಯಾರೇಜಿನವರು ಸಾಮಾನ್ಯವಾಗಿ ಸ್ಪ್ರಿಂಗಿನ ಶ್ಯಾಕಲ್ ಉದ್ದ ಮಾಡಿಕೊಡುತ್ತಾರೆ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಬಾಡಿ ಏರುವುದು ಒಂದು ಇಂಚು ಎಂಬುದು ನೆನಪಿರಲಿ. ಮುಂದಿನ ಶ್ಯಾಕಲ್ ಹೆಚ್ಚು ಉದ್ದವಾದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಗ್ಗುತ್ತದೆ. ಗಾಡಿಯನ್ನು ಜ್ಯಾಕಿನಿಂದ ಎತ್ತಿ ಗಾಲಿ ಪೂರ್ತಿ ಇಳಿಬಿದ್ದಾಗ ಬ್ರೇಕಿನ ರಬ್ಬರು ಪೈಪು ಬಿಗಿಯುತ್ತದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ, ಮೆಕ್ಯಾನಿಕ್ಕನ ಮಾತಿಗೆ ಬಿಡಬೇಡಿ.

ಹಣ ಉಳಿಸಲೆಂದು ಹಿಂದಿನ ಎರಡು ಟೈರು ಮಾತ್ರ ದೊಡ್ಡದು ಹಾಕುವವರಿದ್ದಾರೆ. ಇದು ಖಂಡಿತ ಕೂಡದು. ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್‌ಗಳೆರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. 205ರ ಜೊತೆಗೆ 215 ಇದ್ದರೆ ಪ್ರತಿ ಸುತ್ತಿಗೂ ಸುಮಾರು 11 ಸೆಂ.ಮೀ. ವ್ಯತ್ಯಾಸ ಬೀಳುತ್ತದೆ. ಆ ಎಳೆದಾಟ ಗಟ್ಟಿ ನೆಲದಲ್ಲಿ ನೇರವಾಗಿ ಗೇರಿನ ಹಲ್ಲಿಗೆ ಹೋಗುತ್ತದೆ.

ಇನ್ನು ಇಳಿಜಾರಿನ ವಿಚಾರ. ಟೈರು ಎತ್ತರವಾದಷ್ಟೂ ಅದೇ ಬ್ರೇಕಿನ ಬಲ ನೆಲದಲ್ಲಿ ಕಡಿಮೆಯಾಗುತ್ತದೆ, 215ರಲ್ಲಿ ಶೇಕಡಾ 5, 235ರಲ್ಲಿ ಶೇಕಡಾ 9ರಷ್ಟು. ಇಂಜಿನ್ ತಡೆಯುವ ಶಕ್ತಿಯೂ ಅಷ್ಟೇ ಕುಗ್ಗುತ್ತದೆ. ಮೀಟರು 40 ತೋರಿಸುವಾಗ ಗಾಡಿಯ ನಿಜ ವೇಗ 42 ಅಥವಾ 44 ಇರುತ್ತದೆ. ಕೊಯ್ಲಿನ ದಿನ ಮೂಟೆಗಳ ಮೇಲೆ ಆಳುಗಳನ್ನೂ ಕೂರಿಸಿಕೊಂಡು ಬಾಣೆಯಿಂದ ಕಣಕ್ಕೆ ಇಳಿಯುವ ಗಾಡಿಯಲ್ಲಿ ಇದು ಅಲ್ಪ ಸಂಗತಿಯಲ್ಲ. ದೊಡ್ಡ ಟೈರು ಹಾಕಿದ ಮೇಲೆ ಇಳಿಜಾರನ್ನು ಲೋ ಗೇರಿನಲ್ಲಿಯೇ ಇಳಿಯಬೇಕು, ಆಳುಗಳು ನಡೆದೇ ಬರಲಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ 2019ರ ಜನವರಿಯಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ನೋಂದಣಿ ಪುಸ್ತಕದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆಂದು ಹೇಳಿದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಅವಕಾಶ ಕೊಡಬೇಡಿ. ಕೆಲಸಕ್ಕೆ ಮುನ್ನ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಟೈರಿನ ಲೆಕ್ಕ ನಾಲ್ಕಲ್ಲ, ಐದು. ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. ಅದರ ಹೆಚ್ಚಿನ ತೂಕಕ್ಕೆ ಹಿಂಬಾಗಿಲಿನ ಕೀಲು ಸಡಿಲವಾಗುವುದರಿಂದ ತಿಂಗಳಿಗೊಮ್ಮೆ ಬೋಲ್ಟು ಬಿಗಿ ಮಾಡುತ್ತಿರಬೇಕು.