ಇಳಿಸುವ ಮುಂಚೆ ಎಂಜಿನ್ನಿನ ಮಾತು ಕೇಳಿ
"ಆಯಿಲ್ ಕುಡೀತಿದೆ, ಪಿಕಪ್ ಇಲ್ಲ, ಎಂಜಿನ್ ಇಳಿಸ್ಬೇಕು." ಹಳೆ ಅಂಬಾಸಡರ್ ಸಾಕಿದವರು ಒಂದಲ್ಲ ಒಂದು ದಿನ ಕೇಳುವ ತೀರ್ಪಿದು. ಎಷ್ಟೋ ಸಲ ಇದು ಅವಸರದ ತೀರ್ಪೂ ಹೌದು. ನುರಿತ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮುಂಚೆ ನೋಡುತ್ತಾನೆ, ಕೇಳುತ್ತಾನೆ, ಅಳೆಯುತ್ತಾನೆ.

ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಬಹುಕಾಲ ಅದರೊಳಗೆ ದುಡಿದದ್ದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್. ಅದರಲ್ಲಿ ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಚುಚ್ಚಲು ಜಾಗವೂ ಇಲ್ಲ. ಮುಂಬೈನಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರಿನದೂ ಇದೇ ಕಥೆ.

ಪರೀಕ್ಷೆ ಶುರುವಾಗುವುದು ಸೈಲೆನ್ಸರ್‌ನಿಂದ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ. ಕಾರ್ಬುರೇಟರ್, ಚೋಕ್, ಏರ್ ಫಿಲ್ಟರ್ ನೋಡಬೇಕು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಆವಿ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ನೀಲಿ ಹೊಗೆ ಆಯಿಲ್‌ದು. ಆದರೆ ಯಾವಾಗ ಬರುತ್ತದೆ ಎಂಬುದು ಮುಖ್ಯ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಭಗ್ಗನೆ ಬಂದರೆ ವಾಲ್ವ್ ಗೈಡ್, ಸೀಲ್ ಸವೆದಿರಬಹುದು; ಏರು ಹತ್ತುವಾಗ ಒಂದೇ ಸಮನೆ ಬಂದರೆ ಪಿಸ್ಟನ್ ರಿಂಗ್. ಮೊದಲನೆಯದಕ್ಕೆ ಹೆಡ್ ಬಿಚ್ಚಿದರೆ ಸಾಕು, ಬೋರ್ ಮಾಡಿಸುವ ಅಗತ್ಯವಿಲ್ಲ. ಮಾಲೀಕನ ಜೇಬಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಅನುಮಾನ ಬಗೆಹರಿಸುವುದು ಕಂಪ್ರೆಷನ್ ಗೇಜ್. ಬಿಸಿ ಎಂಜಿನ್ನಿನ ನಾಲ್ಕೂ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್‌ನ ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯುತ್ತಾರೆ. ಮುಳ್ಳು ಎಲ್ಲಿ ನಿಂತಿತೆಂದು ಒಂದೊಂದೇ ಸಿಲಿಂಡರಿನದು ಬರೆದುಕೊಳ್ಳುತ್ತಾರೆ. ಮೂರರಲ್ಲಿ 120 ಪಿಎಸ್‌ಐ, ಒಂದರಲ್ಲಿ 80 ಬಂತೆನ್ನಿ. ಆ ಒಂದರ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಚೆನ್ನಾಗಿ ಏರಿದರೆ ಸವೆತ ರಿಂಗು, ಬೋರಿನಲ್ಲಿದೆ, ಆಯಿಲ್ ಆ ಸಂದನ್ನು ತುಂಬಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆಯೇ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಬಿಚ್ಚಿದ ಪ್ಲಗ್ಗುಗಳೂ ಸಾಕ್ಷಿ ಹೇಳುತ್ತವೆ. ತುದಿ ತಿಳಿ ಕಂದು ಇದ್ದರೆ ಆರೋಗ್ಯ, ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಜಿಡ್ಡು ಇದ್ದರೆ ಆಯಿಲ್. ನಾಲ್ಕೂ ಚೆನ್ನಾಗಿದ್ದು, ಕಂಪ್ರೆಷನ್ನೂ ಸರಿಯಿದ್ದು ಗಾಡಿ ಮಿಸ್ಸಿಂಗ್ ಹೊಡೆದರೆ ಡಿಸ್ಟ್ರಿಬ್ಯೂಟರ್ ತೆರೆಯಬೇಕು. ಸುಟ್ಟ ಪಾಯಿಂಟ್, ಸತ್ತ ಕಂಡೆನ್ಸರ್, ಬಿರುಕು ಬಿಟ್ಟ ಕ್ಯಾಪ್: ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿ ತಂದು ಬದಲಿಸಬಹುದಾದ ಸಣ್ಣ ಸಾಮಾನು.

ಶಬ್ದ ಹಿಡಿಯಲು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಮೇಲಿನ ಟಕಟಕ ಟ್ಯಾಪೆಟ್‌ದು, ಅದಕ್ಕೆ ಹೆದರಬೇಕಿಲ್ಲ. ಕೆಳಗಿನಿಂದ ಲೋಡ್ ಬಿದ್ದಾಗ ಬರುವ ದಪ್ಪ ಬಡಿತ ಬೇರಿಂಗಿನದು. ಒಂದು ಪ್ಲಗ್ಗಿನ ಕರೆಂಟ್ ತಪ್ಪಿಸಿದಾಗ ಆ ಬಡಿತ ತಗ್ಗಿದರೆ ಅದೇ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ ಸವೆದಿರಬಹುದು. ಆಗ ಗಾಡಿ ಓಡಿಸದೆ ನಿಲ್ಲಿಸಿಬಿಡಬೇಕು.

ವಯಸ್ಸಾಯಿತೆಂದು ಎಂಜಿನ್ ಸಾಯುವುದಿಲ್ಲ. ಅಮೆರಿಕದ ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೊದಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ಓಡಿಸಿದ್ದರು. ತಪ್ಪದೆ ಆಯಿಲ್ ಬದಲಿಸುವುದು, ಸಣ್ಣ ಸದ್ದಿಗೂ ಕಿವಿಗೊಡುವುದು ಅವರ ರೂಢಿಯಾಗಿತ್ತು.

ನಿಮ್ಮ ಮನೆಯ ಹಳೆ ಕಾರಿನ ಎಂಜಿನ್ ಇಳಿಸಲು ಒಪ್ಪುವ ಮುಂಚೆ, ನಾಲ್ಕು ಸಿಲಿಂಡರುಗಳ ಕಂಪ್ರೆಷನ್ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆಯಿಲ್ ಹಾಕುವ ಮುಂಚಿನದು, ಹಾಕಿದ ಮೇಲಿನದು ಎರಡೂ ಇರಲಿ.