ಮಕ್ಕಳ ಸೈಕಲ್ ರಜೆ: ಕೃಷ್ಣೆಯ ಬಯಲಿನಲ್ಲಿ ನಾಲ್ಕು ದಿನ

ನಮ್ಮ ಕಾಸರಗೋಡಿನ ಮಕ್ಕಳಿಗೆ ಸೈಕಲ್ ಇದೆ, ಸೈಕಲ್ ಬಿಡಲು ಜಾಗವಿಲ್ಲ. ಮನೆಯಂಗಳ ದಾಟಿದರೆ ಏರು, ಏರು ಮುಗಿದರೆ ತಿರುವು, ತಿರುವಿನಾಚೆ ಬಸ್ಸು. ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡ ಮೇಲಂತೂ ಹೆದ್ದಾರಿ ಬದಿಯ ಮನೆಗಳ ಮಕ್ಕಳಿಗೆ ಎದುರಿನ ಅಂಗಡಿಯೂ ಪರಸ್ಥಳವಾಗಿದೆ. ಹುಟ್ಟುಹಬ್ಬಕ್ಕೆ ತಂದ ಸೈಕಲು ಮೂರು ತಿಂಗಳಲ್ಲಿ ಕೊಟ್ಟಿಗೆಯ ಮೂಲೆ ಸೇರುವುದು ಅನೇಕ ಮನೆಗಳ ಕತೆ.

ನಮ್ಮ ಮನೆಯ ಕತೆಯೂ ಅದೇ. ಎಂಟು ವರ್ಷದ ಮಗಳು ಒಂದು ಸಂಜೆ ರಸ್ತೆಯಂಚಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಲಾರಿಯ ಹಾರನ್ನಿಗೆ ಬೆದರಿ ಚರಂಡಿಗೆ ಬಿದ್ದಳು. ಮೊಣಕಾಲಿನ ಗಾಯ ವಾರದಲ್ಲಿ ಮಾಗಿತು, ಹೆದರಿಕೆ ಮಾಗಲಿಲ್ಲ. ಅಕ್ಕನನ್ನು ನೋಡಿ ಐದು ವರ್ಷದ ತಮ್ಮನೂ ತನಗೆ ಸೈಕಲ್ ಬೇಡವೆಂದ. ವಾಹನವಿಲ್ಲದ, ಸಮತಟ್ಟಾದ ನೆಲವೊಂದಕ್ಕೆ ಇವರನ್ನು ಕರೆದೊಯ್ಯದೆ ಈ ಹೆದರಿಕೆ ಬಿಡದು ಎಂದು ನಮಗೆ ತೋರಿತು. ನೆರೆಮನೆಯವರೂ ಜತೆಗೂಡಿದರು. ಕ್ರಿಸ್ಮಸ್ ರಜೆಯಲ್ಲಿ ನಾವು ಹೋದದ್ದು ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಸೀಮೆಗೆ.

ಯಾಕೆ ಅಷ್ಟು ದೂರ?

ಮೊದಲನೆಯ ಕಾರಣ ನೆಲ. ಕೃಷ್ಣಾ ನದಿಯ ಎರಡೂ ಬದಿಗೆ ಹಬ್ಬಿದ ಆ ಕಪ್ಪು ಮಣ್ಣಿನ ಬಯಲಿನಲ್ಲಿ ಮಕ್ಕಳ ಕಾಲು ಸೋಲುವಂಥ ಏರು ಅಪರೂಪ. ಅರ್ಧ ಮೈಲು ದೂರದಲ್ಲಿ ಬರುವ ಎತ್ತಿನ ಗಾಡಿ ಕೂಡ ಕಾಣುತ್ತದೆ.

ಎರಡನೆಯ ಕಾರಣ ಭಾಷೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ದಿನವೇ, ಹಳೆಯ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಮಹಬೂಬನಗರ ಜಿಲ್ಲೆಯೊಂದಿಗೆ ಆಂಧ್ರ ಪ್ರದೇಶಕ್ಕೆ ಹೋದವು. 2014ರಲ್ಲಿ ಅದು ತೆಲಂಗಾಣವಾಯಿತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳ ಕೇಂದ್ರಗಳಾದವು. ಗಡಿಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಅಲ್ಲಿವೆ. ನಮ್ಮಂತೆಯೇ ಇರುವ ಇನ್ನೊಂದು ಮನೆಯನ್ನು ಮಕ್ಕಳು ನೋಡಲಿ ಎಂಬ ಆಸೆಯೂ ನಮಗಿತ್ತು.

ಹೋಗುವುದು ಹೇಗೆ?

ಮಂಗಳೂರು–ಕಾಚಿಗುಡ ಮಾರ್ಗದ ರೈಲು ಕಾಸರಗೋಡಿನ ಮೂಲಕವೇ ಸಾಗಿ, ಪಾಲಕ್ಕಾಡು ಸುತ್ತಿ, ಕರ್ನೂಲಿನಿಂದ ಮಹಬೂಬನಗರದ ಹಳಿ ಹಿಡಿಯುತ್ತದೆ. ಗದ್ವಾಲ ಆ ಹಳಿಯ ಮೇಲೇ ಇದೆ. ಅದು ದಿನನಿತ್ಯದ ಗಾಡಿಯಲ್ಲ; ದಿನ, ಸಮಯ, ನಿಲುಗಡೆಗಳನ್ನು ವಿಚಾರಿಸಿಕೊಂಡೇ ರಜೆಯ ದಿನಗಳನ್ನು ಗೊತ್ತುಮಾಡಬೇಕು. ಗದ್ವಾಲದಿಂದ ರಾಯಚೂರಿಗೆ ರೈಲಿದೆ. ಜಕ್ಲೇರು–ಕೃಷ್ಣಾ ನಡುವಿನ 37 ಕಿ.ಮೀ. ಹೊಸ ಹಳಿ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾದ ಮೇಲೆ ಮಕ್ತಲಿಗೂ ರೈಲಿನಲ್ಲೇ ಹೋಗಬಹುದು.

ಮಕ್ಕಳ ಸೈಕಲುಗಳನ್ನು ಪಾರ್ಸೆಲಾಗಿ ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ ಒಯ್ಯಬಹುದು. ಪೆಡಲು ಬಿಚ್ಚಿ, ಹ್ಯಾಂಡಲು ತಿರುಗಿಸಿ, ಗೋಣಿ ಸುತ್ತಿ, ಹೆಸರು-ವಿಳಾಸ ಎರಡು ಕಡೆ ಬರೆಯಿರಿ. ದೊಡ್ಡವರ ಸೈಕಲುಗಳನ್ನು ನಾವು ಅಲ್ಲಿಯೇ ರಿಪೇರಿ ಅಂಗಡಿಯವರನ್ನು ಕೇಳಿ ಬಾಡಿಗೆಗೆ ಪಡೆದೆವು.

ನಮ್ಮ ಮೊದಲ ತಪ್ಪು

ನಕ್ಷೆ ನೋಡಿ ನಾವು ಹಾಕಿದ ಮೊದಲ ಲೆಕ್ಕ, ಮಕ್ತಲಿನಿಂದ ಕೃಷ್ಣೆಯವರೆಗೆ ನೇರ ಸೈಕಲಿನಲ್ಲೇ ಹೋಗುವುದೆಂದು. ಬಸ್ಸಿನಲ್ಲಿ ಆ ದಾರಿ ನೋಡಿದ ಮೇಲೆ ಲೆಕ್ಕ ಹರಿದುಹಾಕಿದೆವು. ಮಹಬೂಬನಗರ–ರಾಯಚೂರು ನಡುವಿನ ಹೆದ್ದಾರಿ 167 ಅದು. ಲಾರಿಗಳ ಸಾಲು ಕಡಿಯುವುದಿಲ್ಲ. ಮಗಳು ಕಿಟಕಿಯಿಂದ ನೋಡಿ, "ಇಲ್ಲಿಯಾ?" ಎಂದು ಒಂದೇ ಮಾತು ಕೇಳಿದಳು.

ಆ ದಿನ ನಾವು ಕಲಿತ ಪಾಠವನ್ನೇ ಮೊದಲು ಹೇಳಬೇಕು. ಊರಿಂದ ಊರಿಗೆ ಬಸ್ಸು ಅಥವಾ ರೈಲು. ಊರೊಳಗೆ ಇಳಿದ ಮೇಲೆ ಮಾತ್ರ ಸೈಕಲು. ಆ ಮೂರೂ ಊರುಗಳಲ್ಲಿ ಸೈಕಲಿಗೆಂದೇ ಮಾಡಿದ ದಾರಿ ನಮಗೆ ಕಾಣಲಿಲ್ಲ. ವಾಹನರಹಿತ ದಾರಿಯೆಂದರೆ ಅಲ್ಲಿ ಹೊಲಗಳ ನಡುವಿನ ಬಂಡಿದಾರಿ. ಅದನ್ನು ನಕ್ಷೆ ತೋರಿಸುವುದಿಲ್ಲ, ಊರ ಹಿರಿಯರು ತೋರಿಸುತ್ತಾರೆ. ಚಹಾದಂಗಡಿಯಲ್ಲಿ ಕುಳಿತು "ಟ್ರ್ಯಾಕ್ಟರು ಕೂಡ ಹೆಚ್ಚು ಹೋಗದ ದಾರಿ ಯಾವುದು?" ಎಂದು ಕೇಳಿ. ಮರುದಿನ ಬೆಳಿಗ್ಗೆ ದೊಡ್ಡವರೊಬ್ಬರು ಆ ದಾರಿಯಲ್ಲಿ ಹೋಗಿಬಂದ ಮೇಲೆಯೇ ಮಕ್ಕಳನ್ನು ಇಳಿಸಿ.

ನಾಲ್ಕು ದಿನಗಳ ಕ್ರಮ

ಮೊದಲ ದಿನ ಗದ್ವಾಲ. ಸಂಸ್ಥಾನದ ಕೋಟೆ ಊರ ನಡುವೆಯೇ ಇದೆ. ಒಳಗೆ ಚೆನ್ನಕೇಶವ ದೇವಸ್ಥಾನ, ಕಾಲೇಜು. ಕಾಲೇಜಿಗೆ ರಜೆಯಿದ್ದ ಬೆಳಿಗ್ಗೆ ಅನುಮತಿ ಕೇಳಿ ಬಯಲಿನಲ್ಲಿ ಮಕ್ಕಳನ್ನು ಬಿಟ್ಟೆವು. ಮಗಳು ಒಂದು ಗಂಟೆ ಕಟ್ಟೆಯ ಮೇಲೆಯೇ ಕುಳಿತಿದ್ದಳು. ನಾವು ಒತ್ತಾಯ ಮಾಡಲಿಲ್ಲ. ತಮ್ಮನ ಸೈಕಲಿನ ಪೆಡಲು ಬಿಚ್ಚಿಕೊಟ್ಟಿದ್ದೆವು. ಅವನು ಕಾಲಿನಿಂದ ನೆಲ ತಳ್ಳುತ್ತಾ ತೂಕ ಹಿಡಿಯುವುದನ್ನು ಕಲಿಯುತ್ತಿದ್ದ. ಅವನು ಎರಡು ಸಲ ಬಿದ್ದು ನಕ್ಕದ್ದು ನೋಡಿ ಅಕ್ಕ ತಾನಾಗಿಯೇ ಇಳಿದು ಬಂದಳು.

ಎರಡನೆಯ ದಿನ ಬಸ್ಸಿನಲ್ಲಿ ಜುರಾಲ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1995ರಲ್ಲಿ ಉದ್ಘಾಟನೆಯಾಯಿತು. ಮೇಲಿನ ರಸ್ತೆಯಲ್ಲಿ ವಾಹನಗಳ ಓಡಾಟವಿರುವುದರಿಂದ ಅಲ್ಲಿ ನೋಡುವುದಷ್ಟೇ. ಕಾಲುವೆಯ ಏರಿ ಕಣ್ಣಿಗೆ ಚಂದದ ಸೈಕಲ್ ದಾರಿಯಂತೆ ಕಾಣುತ್ತದೆ. ಮಕ್ಕಳನ್ನು ಅಲ್ಲಿ ಬಿಡಬೇಡಿ. ಆಯ ತಪ್ಪಿದರೆ ನೀರು. ನದಿಯಲ್ಲಿ ಮೊಸಳೆಗಳೂ ಇವೆ. ಮೀಯುವ ಆಸೆ ಬೇಡ.

ಮೂರನೆಯ ದಿನ ಕೃಷ್ಣಾ ಮಂಡಲದ ಮುದುಮಲ್. ಇಲ್ಲಿ ಹೊಲಗಳ ನಡುವೆ, ಮೂರು ಸಾವಿರ ವರ್ಷಗಳಿಗೂ ಹಿಂದಿನ ಬೃಹತ್ ಶಿಲಾಯುಗದ ನಿಲುವುಗಲ್ಲುಗಳಿವೆ. ಹತ್ತು ಅಡಿಗೂ ಮೀರಿದವು ಹಲವು. 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇವು ಸೇರಿದವು. ಒಂದು ಕಲ್ಲಿನ ಮೇಲೆ ಕೊರೆದ ಗುಳಿಗಳು ಸಪ್ತರ್ಷಿ ಮಂಡಲವನ್ನು ಸೂಚಿಸುತ್ತವೆಂದು ಸಂಶೋಧಕರು ಹೇಳುತ್ತಾರೆ. ಸೈಕಲುಗಳನ್ನು ದೂರದಲ್ಲೇ ನಿಲ್ಲಿಸಿ ನಡೆದು ಹೋಗಬೇಕು.

ನಾಲ್ಕನೆಯ ದಿನ ನಾರಾಯಣಪೇಟೆ. ಕಾಲಿಗೆ ವಿಶ್ರಾಂತಿ, ಕಣ್ಣಿಗೆ ಕೆಲಸ. ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವ ಮಗ್ಗಗಳನ್ನು ಮಕ್ಕಳು ನೋಡಿದರು. ಗದ್ವಾಲದ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು. ಅವೆರಡನ್ನೂ ನೇಯುವಾಗಲೇ ಜೋಡಿಸುವ ಕೈಚಳಕವನ್ನು ಮೊದಲ ದಿನವೇ ನೋಡಿದ್ದ ಮಗಳು ಇಲ್ಲಿ ನೇಕಾರರಿಗೆ ಪ್ರಶ್ನೆ ಹಾಕತೊಡಗಿದಳು.

ನೆನಪಿಡಬೇಕಾದವು

ಕಾಲ: ನವೆಂಬರಿನಿಂದ ಜನವರಿಯ ತನಕ ಉತ್ತಮ. ಮಾರ್ಚ್ ಕಳೆದರೆ ಆ ಸೀಮೆಯ ಬಿಸಿಲು 40 ಡಿಗ್ರಿ ದಾಟುವುದುಂಟು. ಡಿಸೆಂಬರಿನಲ್ಲೂ ಬೆಳಿಗ್ಗೆ ಹತ್ತರ ಒಳಗೆ ಸವಾರಿ ಮುಗಿಸಿ.

ದೂರ: ಐದು-ಆರು ವರ್ಷದವರಿಗೆ ದಿನಕ್ಕೆ ಐದು ಕಿ.ಮೀ. ಸಾಕು, ಎಂಟು ವರ್ಷದವರಿಗೆ ಹತ್ತು. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ನೀರು, ಬಾಳೆಹಣ್ಣು, ಕಡಲೆ ಮಿಠಾಯಿ ಕೊಡಿ. ಹೋದಷ್ಟೇ ದೂರ ಹಿಂದೆ ಬರಬೇಕೆಂಬುದನ್ನು ದೊಡ್ಡವರೇ ಮರೆಯುವುದು.

ಸೈಕಲು: ಸೀಟಿನಲ್ಲಿ ಕುಳಿತಾಗ ಎರಡೂ ಪಾದ ನೆಲ ಮುಟ್ಟಬೇಕು. "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡ ಸೈಕಲು ತರುವುದು ಅಂಗಿಯ ವಿಚಾರದಲ್ಲಿ ಸರಿ, ಇಲ್ಲಿ ಅಪಾಯ. ತಲೆಗೆ ಹೆಲ್ಮೆಟ್ ಇರಲೇಬೇಕು.

ಮುಳ್ಳು: ಬಂಡಿದಾರಿಯ ದೊಡ್ಡ ಶತ್ರು ಜಾಲಿಮುಳ್ಳು ಮತ್ತು ನೆಗ್ಗಿಲುಮುಳ್ಳು. ನಮಗೆ ನಾಲ್ಕು ದಿನದಲ್ಲಿ ಆರು ಪಂಚರ್. ಪಂಪು, ತೇಪೆ, ಸೊಲ್ಯೂಶನ್, ಒಂದು ಹೆಚ್ಚಿನ ಟ್ಯೂಬು ಜತೆಗಿರಲಿ. ಮಳೆ ಬಂದರೆ ಆ ದಿನ ಹೊರಡಲೇಬೇಡಿ. ಕಪ್ಪು ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅಂಟಿ ಸೈಕಲು ಕದಲುವುದಿಲ್ಲ.

ಸಾಲು: ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬರು, ನಡುವೆ ಮಕ್ಕಳು. ವೇಗ ಅತಿ ಚಿಕ್ಕವನದು.

ಹೊಲದ ಬದುವಿನಲ್ಲಿ

ಮೂರನೆಯ ದಿನ ಹತ್ತಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮ ಸಾಲನ್ನು ನಿಲ್ಲಿಸಿದರು.

"ಯಾವೂರವ್ವಾ ನಿಂದು?"

"ಕಾಸರಗೋಡು. ಕೇರಳ," ಎಂದಳು ಮಗಳು.

"ಕೇರಳದಾಗ ಕನ್ನಡ ಮಾತಾಡ್ತಾರೇನು?"

"ನೀವು ತೆಲಂಗಾಣದಲ್ಲಿ ಮಾತನಾಡುವುದಿಲ್ಲವಾ ಅಜ್ಜಿ?"

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಸೈಕಲ್ ಹೊಡಿಯಾಕ ಇಷ್ಟು ದೂರ ಬಂದೀರಿ?" ಎಂದಾಗ ನಮ್ಮ ಚಿಕ್ಕವನಿಗೆ ಗಾಬರಿ: ಸೈಕಲನ್ನು ಯಾಕೆ ಹೊಡೆಯುವುದು? ನಮ್ಮಲ್ಲಿ ಸೈಕಲ್ ಬಿಡುವುದು, ಅಲ್ಲಿ ಹೊಡೆಯುವುದು, ಎರಡೂ ಕನ್ನಡವೇ ಎಂದು ತಿಳಿಸಿ ಹೇಳಿದೆವು. ಪಾಠಪುಸ್ತಕದಲ್ಲಿ ಸಿಗದ ಈ ಪಾಠಕ್ಕೆ ರೈಲಿನ ಟಿಕೇಟು ದುಬಾರಿಯೆನಿಸಲಿಲ್ಲ.

ಊರಿಗೆ ಮರಳಿದ ಮೇಲೆ

ಮಗಳ ಹೆದರಿಕೆ ಪೂರ್ತಿ ಹೋಗಿದೆಯೆಂದು ಹೇಳಲಾರೆವು. ಲಾರಿ ಕಂಡರೆ ಈಗಲೂ ಇಳಿದು ನಿಲ್ಲುತ್ತಾಳೆ; ಅದು ಒಳ್ಳೆಯದೇ. ಆದರೆ ಸೈಕಲು ಕೊಟ್ಟಿಗೆಯಿಂದ ಹೊರಗೆ ಬಂದಿದೆ. "ಗಾಳಿ ಹಾಕಿ ಕೊಡಿ, ಆದರೆ ಎಲ್ಲಿ ಬಿಡಲಿ?" ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಕಂಡುಕೊಂಡವರು ಇದ್ದಾರೆ. ಹಾಲೆಂಡಿನಲ್ಲಿ 1971ರ ಒಂದೇ ವರ್ಷ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತಾಗ ತಂದೆತಾಯಿಗಳು ಬೀದಿಗಿಳಿದರು. ಇಂದಿನ ಅಲ್ಲಿಯ ಸೈಕಲ್ ದಾರಿಗಳ ಹಿಂದೆ ಆ ಚಳವಳಿಯೂ ಇದೆ. ಕೊಲಂಬಿಯದ ಬೊಗೋಟಾ ನಗರದಲ್ಲಿ 1974ರಿಂದ ಆರಂಭವಾದ ಪದ್ಧತಿಯಂತೆ ಭಾನುವಾರ ಬೆಳಿಗ್ಗೆ ಮುಖ್ಯ ಬೀದಿಗಳಲ್ಲಿ ಮೋಟಾರು ವಾಹನಗಳನ್ನು ನಿಲ್ಲಿಸಿ ಸೈಕಲಿಗೂ ನಡಿಗೆಗೂ ಬಿಟ್ಟುಕೊಡುತ್ತಾರೆ. ಹೈದರಾಬಾದಿನಲ್ಲೂ 2023ರಲ್ಲಿ ಹೊರವರ್ತುಲ ರಸ್ತೆಯ ಬದಿಗೆ ಸೌರಫಲಕಗಳ ಮಾಡಿನ 23 ಕಿ.ಮೀ. ಸೈಕಲ್ ಪಥವನ್ನು ತೆರೆದರು.

ನಾವು ಅಷ್ಟು ಕೇಳುವುದಿಲ್ಲ. ಪ್ರತಿ ಪಂಚಾಯತಿನಲ್ಲಿ ಒಂದು ಶಾಲಾ ಮೈದಾನ, ಇಲ್ಲವೇ ಬಯಲ ಬದಿಯ ಒಂದು ರಸ್ತೆ, ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಮಕ್ಕಳಿಗೆ ಮೀಸಲಾಗಲಿ. ಇದಕ್ಕೆ ಬೇಕಾದದ್ದು ಎರಡು ತುಂಡು ಹಗ್ಗ ಮತ್ತು ಕಾಯಲು ಇಬ್ಬರು ಹಿರಿಯರು. ಮುಂದಿನ ಗ್ರಾಮಸಭೆಯಲ್ಲಿ ನಾವು ಇದನ್ನು ಎತ್ತಲಿದ್ದೇವೆ. ನಿಮ್ಮ ಊರಿನಲ್ಲಿ ನೀವೂ ಎತ್ತಿ.